ಗೈರುಹಾಜರಿಯಿಂದ ವಜಾ ಆದ ಜಮೀನು ದಾವೆಗೆ ಮತ್ತೆ ಜೀವ ಬರುವುದೇ?

ಪ್ರಶ್ನೆ: ಜಮೀನಿನ ಹಕ್ಕು ಘೋಷಣೆ ಹಾಗೂ ಸ್ವಾಧೀನಕ್ಕಾಗಿ ನಾನು ಹೂಡಿದ್ದ ದಾವೆಯು, ನಾನೂ ನನ್ನ ವಕೀಲರೂ ಹಾಜರಿರಲಿಲ್ಲವೆಂಬ ಕಾರಣಕ್ಕೆ ವಜಾ ಆಗಿದೆ. ವಿಷಯ ತಿಳಿಯುವಷ್ಟರಲ್ಲಿ ನಾಲ್ಕು ತಿಂಗಳು ಕಳೆದಿದ್ದವು. ಹೊಸ ದಾವೆ ಹೂಡಬಹುದೇ?

ಉತ್ತರ: ಮೊದಲು ವಜಾ ಆದ ದಿನದ ಆರ್ಡರ್ ಶೀಟಿನ (ಪ್ರತಿ ವಾಯಿದೆಯಂದು ನಡೆದದ್ದನ್ನು ನ್ಯಾಯಾಲಯ ಬರೆದಿಡುವ ಹಾಳೆ) ದೃಢೀಕೃತ ನಕಲನ್ನು ಪಡೆಯಿರಿ. ವಾದಿ ಗೈರು, ವಾದಿಯ ವಕೀಲರೂ ಗೈರು ಎಂದು ಬರೆದ ಮೇಲೆ ಪ್ರತಿವಾದಿಯ ಬಗ್ಗೆ ಏನು ಬರೆದಿದೆ ಎಂಬುದರ ಮೇಲೆ ನಿಮ್ಮ ಮುಂದಿನ ದಾರಿ ನಿಂತಿದೆ. ಆ ದಿನ ಎರಡೂ ಕಡೆಯವರು ಇರಲಿಲ್ಲವಾದರೆ ಅದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 9, ನಿಯಮ 3ರ ವಜಾ. ಕಾಲಮಿತಿ ಉಳಿದಿದ್ದರೆ ಹೊಸ ದಾವೆಯನ್ನೇ ಹೂಡಬಹುದು. ಪ್ರತಿವಾದಿಯ ಕಡೆಯವರು ಹಾಜರಿದ್ದರೆ ಅದು ನಿಯಮ 8ರ ವಜಾ. ಆಗ ಅದೇ ವ್ಯಾಜ್ಯಕಾರಣದ (ದಾವೆಗೆ ಆಧಾರವಾದ ಸಂಗತಿಗಳ) ಮೇಲೆ ಹೊಸ ದಾವೆ ಹೂಡಲು ನಿಯಮ 9 ಬಿಡುವುದಿಲ್ಲ, ವಜಾ ಆದೇಶವನ್ನು ರದ್ದುಪಡಿಸಿ ದಾವೆಯನ್ನು ಪುನಃ ಕಡತಕ್ಕೆ ತೆಗೆದುಕೊಳ್ಳುವಂತೆ ಅರ್ಜಿ ಹಾಕಬೇಕು. ಆಸ್ತಿಯಲ್ಲಿ ಪಾಲು ಕೇಳುವ ವಿಭಾಗದ ದಾವೆಗಳಲ್ಲಿ, ಆಸ್ತಿ ಜಂಟಿಯಾಗಿರುವವರೆಗೆ ವ್ಯಾಜ್ಯಕಾರಣ ಮುಂದುವರಿಯುತ್ತದೆಂದು ನ್ಯಾಯಾಲಯಗಳು ಹೊಸ ದಾವೆಯನ್ನು ಒಪ್ಪಿರುವುದುಂಟು, ನಿಮ್ಮದು ಅಂಥದ್ದಲ್ಲ.

ಈ ಅರ್ಜಿಗೆ 1963ರ ಕಾಲಪರಿಮಿತಿ ಕಾಯ್ದೆಯ ಅನುಚ್ಛೇದ 122 ಕೊಡುವ ಅವಧಿ 30 ದಿನ. ಅದು ವಜಾ ಆದ ದಿನಾಂಕದಿಂದ ಎಣಿಕೆಯಾಗುತ್ತದೆಯೇ ಹೊರತು ನಿಮಗೆ ತಿಳಿದ ದಿನದಿಂದಲ್ಲ. ಆದ್ದರಿಂದ ಕಲಂ 5ರಡಿ ವಿಳಂಬ ಮನ್ನಾ ಅರ್ಜಿಯನ್ನೂ ಜೊತೆಗೇ ಸಲ್ಲಿಸಬೇಕು. ಅದರ ಪ್ರಮಾಣಪತ್ರದಲ್ಲಿ (ಅಫಿಡವಿಟ್) "ವಕೀಲರು ತಿಳಿಸಲಿಲ್ಲ" ಎಂಬ ಒಂದೇ ಸಾಲು ಬರೆದು ಕೈತೊಳೆದುಕೊಳ್ಳಬೇಡಿ. ಕೊನೆಯ ಬಾರಿ ವಕೀಲರನ್ನು ಕಂಡದ್ದು ಯಾವಾಗ, ಅವರು ಹೇಳಿದ ಮುಂದಿನ ವಾಯಿದೆ ಯಾವುದು, ವಜಾ ಆದ ಸಂಗತಿ ಯಾರಿಂದ ಹೇಗೆ ತಿಳಿಯಿತು ಎಂಬುದನ್ನು ದಿನಾಂಕಸಹಿತ ಬರೆದು, ಇರುವ ದಾಖಲೆಗಳನ್ನು ಲಗತ್ತಿಸಿ. ವಕೀಲರ ತಪ್ಪಿಗೆ ನಿರ್ದೋಷಿ ಕಕ್ಷಿದಾರನು ನಷ್ಟ ಅನುಭವಿಸಬಾರದೆಂದು ಸುಪ್ರೀಂ ಕೋರ್ಟ್ 1981ರ ರಫೀಕ್ ವಿರುದ್ಧ ಮುನ್ಷಿಲಾಲ್ ಪ್ರಕರಣದಲ್ಲಿ ಹೇಳಿದೆಯಾದರೂ, ವರ್ಷಗಟ್ಟಲೆ ತನ್ನ ದಾವೆಯ ಕಡೆ ತಲೆಹಾಕದವನಿಗೆ ಆ ಮಾತು ನೆರವಾಗದು. ನ್ಯಾಯಾಲಯವು ಖರ್ಚು ಕಟ್ಟುವ ಷರತ್ತಿನ ಮೇಲೆ ಅರ್ಜಿಯನ್ನು ಮಂಜೂರು ಮಾಡಬಹುದು. ತಿರಸ್ಕರಿಸಿದರೆ ಆದೇಶ 43, ನಿಯಮ 1(ಸಿ) ಅಡಿ ಮೇಲ್ಮನವಿಗೆ ಅವಕಾಶವಿದೆ. ದಾವೆ ವಜಾ ಆದಾಗ ಅದರಲ್ಲಿದ್ದ ತಾತ್ಕಾಲಿಕ ತಡೆಯಾಜ್ಞೆಯೂ ನಿಲ್ಲುವುದರಿಂದ, ಪ್ರತಿವಾದಿಯು ಜಮೀನನ್ನು ಪರಭಾರೆ ಮಾಡುವ ಭಯವಿದ್ದಲ್ಲಿ ತಡಮಾಡಬೇಡಿ.

ಪ್ರಶ್ನೆ: ನಮ್ಮ ಜಮೀನು ದಾವೆಯ ಪ್ರತಿವಾದಿಗಳಲ್ಲಿ ಒಬ್ಬರು ತೀರಿಕೊಂಡು ಒಂದು ವರ್ಷವಾಗಿದೆ. ಅವರ ವಾರಸುದಾರರನ್ನು ನಾವು ಸೇರಿಸಿಲ್ಲ. ದಾವೆ ಬಿದ್ದುಹೋಯಿತೇ?

ಉತ್ತರ: ಮರಣದ ದಿನದಿಂದ 90 ದಿನಗಳೊಳಗೆ ವಾರಸುದಾರರನ್ನು ದಾಖಲೆಗೆ ತರದಿದ್ದರೆ ಮೃತರ ಮಟ್ಟಿಗೆ ದಾವೆ ತಾನಾಗಿಯೇ ಕೊನೆಗೊಳ್ಳುತ್ತದೆ, ಅದಕ್ಕೆ ಬೇರೆ ಆದೇಶ ಬೇಕಿಲ್ಲ. ಅದನ್ನು ರದ್ದುಪಡಿಸಲು ಕೊಡುವ ಮುಂದಿನ 60 ದಿನಗಳೂ ನಿಮ್ಮಲ್ಲಿ ಮುಗಿದಿವೆ. ಹೀಗಾಗಿ ವಾರಸುದಾರರನ್ನು ಸೇರಿಸಲು, ಕೊನೆಗೊಂಡದ್ದನ್ನು ರದ್ದುಪಡಿಸಲು, ವಿಳಂಬ ಮನ್ನಿಸಲು ಮೂರು ಅರ್ಜಿಗಳನ್ನು ಒಟ್ಟಿಗೆ ಹಾಕಬೇಕಾಗುತ್ತದೆ. ಉಳಿದ ಪ್ರತಿವಾದಿಗಳ ಮೇಲೆ ದಾವೆ ನಡೆಯುತ್ತದೆಂದು ನೆಮ್ಮದಿಯಿಂದಿರಬೇಡಿ. ಹಕ್ಕನ್ನು ಬಿಡಿಸಿ ನೋಡಲಾಗದ ಪ್ರಕರಣಗಳಲ್ಲಿ ಇಡೀ ದಾವೆಯೇ ಬೀಳುವುದುಂಟು.

ಆದರೆ ಎರಡು ಸಂಗತಿಗಳನ್ನು ಪರಿಶೀಲಿಸಿ. ಮೃತರ ವಾರಸುದಾರರಲ್ಲಿ ಒಬ್ಬರಾದರೂ ಈಗಾಗಲೇ ದಾವೆಯಲ್ಲಿ ಪಕ್ಷಕಾರರಾಗಿದ್ದರೆ ದಾವೆ ಕೊನೆಗೊಂಡಿಲ್ಲವೆಂದೇ ವಾದಿಸಬಹುದು. ಇನ್ನು, ಮರಣದ ವಿಷಯವನ್ನು ನ್ಯಾಯಾಲಯಕ್ಕೆ ತಿಳಿಸುವುದು ಮೃತರ ವಕೀಲರ ಕರ್ತವ್ಯವೆಂದು ಆದೇಶ 22, ನಿಯಮ 10ಎ ಹೇಳುತ್ತದೆ. ಅವರು ತಿಳಿಸದೆ ನಿಮಗೂ ಮರಣದ ಅರಿವಿರದಿದ್ದರೆ, ವಿಳಂಬಕ್ಕೆ ಅದೇ ಬಲವಾದ ಕಾರಣ.

ಪ್ರಶ್ನೆ: ನ್ಯಾಯಾಲಯ ಶುಲ್ಕದ ಕೊರತೆಯನ್ನು ಗಡುವಿನೊಳಗೆ ಕಟ್ಟದ್ದರಿಂದ ವಾದಪತ್ರ ತಿರಸ್ಕೃತವಾಗಿದೆ. ಎಲ್ಲವೂ ಮುಗಿಯಿತೇ?

ಉತ್ತರ: ಇಲ್ಲ. ಆದೇಶ 7, ನಿಯಮ 13ರಂತೆ ಸರಿಯಾದ ಶುಲ್ಕದೊಂದಿಗೆ ಹೊಸ ವಾದಪತ್ರ ಸಲ್ಲಿಸಬಹುದು. ಆದರೆ ಮೂಲ ಕಾಲಮಿತಿ ಮೀರಿರಬಾರದು: ಮಾಲೀಕತ್ವದ ಆಧಾರದ ಸ್ವಾಧೀನಕ್ಕೆ 12 ವರ್ಷ, ಕ್ರಯಪತ್ರ ರದ್ದತಿಗೆ 3 ವರ್ಷ. ದಾವೆ ಹೂಡುವಲ್ಲಿನ ವಿಳಂಬಕ್ಕೆ ಕಾಲಪರಿಮಿತಿ ಕಾಯ್ದೆಯ ಕಲಂ 5ರ ಮನ್ನಾ ಅನ್ವಯಿಸುವುದಿಲ್ಲ. ಕಾಲಮಿತಿ ಮೀರಿದ್ದರೆ, ತಿರಸ್ಕಾರದ ಆದೇಶವನ್ನು ಡಿಕ್ರಿಯೆಂದೇ (ದಾವೆಯಲ್ಲಿನ ವಿಧ್ಯುಕ್ತ ತೀರ್ಮಾನ) ಪರಿಗಣಿಸುವುದರಿಂದ ಅದರ ಮೇಲೆ ಮೇಲ್ಮನವಿ ಹೋಗುವುದೊಂದೇ ದಾರಿ. ಜಿಲ್ಲಾ ನ್ಯಾಯಾಲಯಕ್ಕಾದರೆ ಅದಕ್ಕೆ 30 ದಿನ, ಹೈಕೋರ್ಟಿಗಾದರೆ 90 ದಿನ.