ಮಡಚುವ ಕ್ರೇಟಿನ ಕೀಲು ಯಾಕೆ ಬಿರಿಯುತ್ತೆ?

ಪ್ರಶ್ನೆ: ಟೊಮೆಟೊ ಸಾಗಿಸಲು ಮಡಚುವ ಪ್ಲಾಸ್ಟಿಕ್ ಕ್ರೇಟ್ ವಿನ್ಯಾಸ ಮಾಡಿದ್ದೇವೆ. ತಳ 600×400 ಮಿ.ಮೀ., ಗೋಡೆ 200 ಮಿ.ಮೀ. ಎಂಟು ಪೇರಿಸಿದರೆ ಕೆಳಗಿನದರ ಕೀಲು ಬಿರಿಯುತ್ತದೆ. ಮಡಚಿದರೆ ಚಪ್ಪಟೆಯಾಗಿ ಕೂರುವುದೂ ಇಲ್ಲ.
– ಓದುಗರೊಬ್ಬರು, ಕೋಲಾರ

ಉತ್ತರ: ಲೆಕ್ಕ ಹಾಕಿ. ಹಣ್ಣು 15 ಕೆ.ಜಿ., ಕ್ರೇಟ್ ಸುಮಾರು 2 ಕೆ.ಜಿ. ಅಂದರೆ ಕೆಳಗಿನದರ ಮೇಲೆ ಏಳರ ಭಾರ, 119 ಕೆ.ಜಿ. ಲಾರಿ ಕುಲುಕಿದಾಗ ಇನ್ನೂ ಹೆಚ್ಚು. ಅಷ್ಟನ್ನೂ ಕೀಲಿನ ಪಿನ್ನು ಹೊರುತ್ತಿದೆ, ಅದೇ ತಪ್ಪು. ಪಿನ್ನಿನ ಕೆಲಸ ತಿರುಗಿಸುವುದು ಮಾತ್ರ. ಅದರ ತೂತನ್ನು ದುಂಡಗೆ ಬಿಡದೆ, ಮೇಲೆ-ಕೆಳಗೆ 1ರಿಂದ 1.5 ಮಿ.ಮೀ. ಸಡಿಲ ಕೊಟ್ಟು ಉದ್ದುದ್ದ ಮಾಡಿ. ಭಾರ ಬಿದ್ದೊಡನೆ ಗೋಡೆಯ ಕೆಳ ಅಂಚು ತಳದ ಅಂಚಿನ ಮೇಲೆ ಕೂತು, ಮೂಲೆಗಳ ಮೂಲಕ ಹೊರೆ ಇಳಿಯುತ್ತದೆ.

ಚಪ್ಪಟೆಯಾಗದ್ದು ಅಗಲದ ಸಮಸ್ಯೆ. ಒಳ ಅಗಲ ಸುಮಾರು 360 ಮಿ.ಮೀ. ಉದ್ದದ ಗೋಡೆಗಳೆರಡೂ ಒಳಕ್ಕೆ ಮಲಗಿದರೆ 200+200=400, ಒಂದರ ಮೇಲೊಂದು 40 ಮಿ.ಮೀ. ಏರುತ್ತದೆ. ಒಂದು ಗೋಡೆಯ ಕೀಲನ್ನು ಗೋಡೆಯ ದಪ್ಪದಷ್ಟು ಎತ್ತರಿಸಿ. ಇಲ್ಲವೇ ಗೋಡೆಯನ್ನೇ 175ಕ್ಕೆ ಇಳಿಸಿ, ಮಡಚಿದಾಗ ಒಂದು ಪದರ ಕಡಿಮೆಯಾಗುತ್ತದೆ. ಗಿಡ್ಡ ಗೋಡೆಗಳ ಕೀಲು ಎಲ್ಲಕ್ಕಿಂತ ಕೆಳಗಿರಲಿ, ಮೊದಲು ಮಡಚುವುದು ಅವನ್ನೇ.

ಕೀಲಿನ ಗೂಡಿಗೆ ನೀರು ಬಸಿಯುವ ತೂತು ಬಿಡಿ. ಟೊಮೆಟೊ ರಸವೂ ಮಣ್ಣೂ ಸೇರಿ ಒಣಗಿದರೆ ಗೋಡೆ ಪೂರ್ತಿ ಕೂರದು, ಹಮಾಲರು ಕಾಲಲ್ಲಿ ಒದ್ದು ಕೂರಿಸುತ್ತಾರೆ. ಪರೀಕ್ಷೆ ತಣ್ಣಗಿನ ಕೋಣೆಯಲ್ಲಿ ಬೇಡ. ಪೂರ್ತಿ ಭಾರ ಹೇರಿ 40 ಡಿಗ್ರಿಯಲ್ಲಿ 24 ಗಂಟೆ ಇಡಿ. ಪ್ಲಾಸ್ಟಿಕ್ ನಿಧಾನಕ್ಕೆ ಬಾಗುವುದು ಆಗಲೇ ಕಾಣುವುದು.