ಸರ್ಫಿಂಗ್ ಹಲಗೆ: ಅಂಗಡಿಯಲ್ಲೋ, ಆನ್‌ಲೈನ್‌ನಲ್ಲೋ?

ಪ್ರಶ್ನೆ: ರಜೆಗಳಲ್ಲಿ ಮೂಲ್ಕಿಗೆ ಹೋಗಿ ಸರ್ಫಿಂಗ್ ಕಲಿಯುತ್ತಿದ್ದೇನೆ. ಸ್ವಂತ ಹಲಗೆಯನ್ನು ಆನ್‌ಲೈನ್‌ನಲ್ಲಿ ಅಗ್ಗವಾಗಿ ಕೊಳ್ಳಬಹುದೇ?
– ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ದಯವಿಟ್ಟು ಹಲಗೆಯನ್ನು ಹಾಗೆ ಕೊಳ್ಳಬೇಡಿ. ಕಲಿಯುವವರಿಗೆ ಒಗ್ಗುವ ಮೃದು ಮೇಲ್ಮೈಯ ಹಲಗೆ ಸಾಮಾನ್ಯವಾಗಿ 8ರಿಂದ 9 ಅಡಿ ಉದ್ದವಿರುತ್ತದೆ. ಆದರೆ ಅದು ನಿಮಗೆ ಸರಿಹೊಂದುತ್ತದೆಯೇ ಎಂಬುದನ್ನು ಲೀಟರುಗಳಲ್ಲಿ ಅಳೆಯುವ ಅದರ ಗಾತ್ರ, ನಿಮ್ಮ ತೂಕ, ಇದುವರೆಗಿನ ಅಭ್ಯಾಸ ಈ ಮೂರೂ ಸೇರಿ ನಿರ್ಧರಿಸುವುದರಿಂದ, ಇವನ್ನೆಲ್ಲ ವಿಚಾರಿಸಿ ಹಲಗೆ ಆರಿಸಿಕೊಡುವ ಕರಾವಳಿಯ ವ್ಯಾಪಾರಿಗೆ ತೆರುವ ಹೆಚ್ಚಿನ ಹಣ ವ್ಯರ್ಥವಲ್ಲ. ಸಾಗಣೆಯಲ್ಲಿ ಅಂಚು ಒಡೆದು ಒಳಗೆ ನೀರಿಳಿದರೆ ಹಲಗೆ ಭಾರವಾಗಿ ಕೆಡುತ್ತದೆ. ಅಷ್ಟುದ್ದದ ವಸ್ತುವನ್ನು ಹಿಂದಿರುಗಿಸುವುದೂ ಸುಲಭವಲ್ಲ. ರ‍್ಯಾಶ್‌ಗಾರ್ಡ್ ಎಂಬ ಮೈ ತರಚದಂತೆ ಕಾಯುವ ಅಂಗಿ, ಹಲಗೆಯನ್ನು ಕಾಲಿಗೆ ಕಟ್ಟುವ ಲೀಶ್ ಹಗ್ಗಗಳನ್ನು ಧಾರಾಳವಾಗಿ ಆನ್‌ಲೈನ್‌ನಲ್ಲಿ ತರಿಸಿ, ಹಗ್ಗ ಮಾತ್ರ ಸುಮಾರು ಹಲಗೆಯಷ್ಟೇ ಉದ್ದವಿರಲಿ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಹಲಗೆಯನ್ನಿಡುವ, ಪ್ರತಿ ಬಾರಿ ಘಾಟಿ ಇಳಿಸಿ ಒಯ್ಯುವ ತೊಂದರೆಯನ್ನು ನೆನೆದರೆ, ವರ್ಷಕ್ಕೆ ನಾಲ್ಕೈದು ಬಾರಿ ಹೋಗುವವರು ಅಲ್ಲೇ ಬಾಡಿಗೆಗೆ ಪಡೆಯುವುದು ಮೇಲೆಂದೇ ನನ್ನ ಅನಿಸಿಕೆ.