‘ಎಲ್ರೂ ನನ್ನ ನೋಡಿ ನಗ್ತಾರೆ’

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಮಂಡ್ಯ ಹತ್ತಿರದ ಹಳ್ಳಿಯ ಹುಡುಗ, 16 ವರ್ಷ. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಶಾಲೆಗೇ ಮೊದಲು ಬಂದವನು. ಈಗ ಪೇಟೆಯಲ್ಲಿ ಪಿಯುಸಿ ಸೈನ್ಸ್. ಬೆಳಿಗ್ಗೆ ಬಸ್ಸು ಹತ್ತುತ್ತಾನೆ, ಕಾಲೇಜಿಗೆ ಹೋಗಲ್ಲ, ಎಲ್ಲೋ ಕೂತಿದ್ದು ಸಂಜೆ ಬರುತ್ತಾನೆ. ವಿಷಯ ಗೊತ್ತಾಗಿ ಅಪ್ಪ ಬೈದರು. ಮೊಬೈಲ್ ಎಸೆದು ಒಡೆದ, ತಡೆಯಲು ಬಂದ ತಂಗಿಗೆ ಹೊಡೆದ. ಆಪ್ತಸಲಹೆಗೆ ಅಂತ ನನ್ನ ಹತ್ತಿರ ಕರೆತಂದು, “ಕೆಟ್ಟ ಸಹವಾಸ ಮೇಡಂ, ಬುದ್ಧಿ ಹೇಳಿ” ಅಂದರು ಅಪ್ಪ.

ಹುಡುಗನ ಜೊತೆ ಒಬ್ಬಳೇ ಮಾತಾಡಿದೆ. ಫಿಸಿಕ್ಸ್ ಕ್ಲಾಸಿನಲ್ಲಿ ಇಂಗ್ಲಿಷಿನಲ್ಲಿ ಉತ್ತರ ಹೇಳಲು ಹೋಗಿ ತಡವರಿಸಿದ್ದ. ಹಿಂದಿನ ಬೆಂಚಿನವರು ನಕ್ಕಿದ್ದರು. ಆಮೇಲೆ ಟೆಸ್ಟಿನಲ್ಲಿ 25ಕ್ಕೆ 6. “ಎಲ್ರೂ ನನ್ನ ನೋಡಿ ನಗ್ತಾರೆ. ನಾನು ದಡ್ಡ. ಇನ್ನು ನನ್ ಕೈಲಿ ಏನೂ ಆಗಲ್ಲ.”

ಒಂದು ಬೆಂಚಿನವರು ‘ಎಲ್ರೂ’ ಆದರು, ಒಂದು ಟೆಸ್ಟು ಇಡೀ ಬದುಕಾಯಿತು. ಇಂಥ ತಿರುಚಿದ ಯೋಚನೆಗಳನ್ನು ಖಿನ್ನತೆಯಲ್ಲಿದ್ದವರ ಮಾತಿನಲ್ಲಿ ಗುರುತಿಸಿ, 1960ರ ದಶಕದಲ್ಲಿ ಅದರ ಮೇಲೆ ಚಿಕಿತ್ಸೆ ಕಟ್ಟಿದವರು ಅಮೆರಿಕದ ಮನೋವೈದ್ಯ ಆರನ್ ಬೆಕ್.

ಸಾಯಬೇಕು ಅನ್ನಿಸಿತ್ತಾ ಅಂತ ನೇರವಾಗಿಯೇ ಕೇಳಿದೆ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ. ಇಲ್ಲ ಅಂದ.

“ನೀನು ಜಾಣ ಕಣಪ್ಪ” ಅನ್ನಲಿಲ್ಲ. ಆ ಸಮಾಧಾನ ಬಾಗಿಲು ದಾಟುವಷ್ಟರಲ್ಲಿ ಕರಗುತ್ತದೆ. ಉತ್ತರ ಪತ್ರಿಕೆ ತರಿಸಿದೆ. ‘ನಾನು ದಡ್ಡ’ ಅನ್ನೋದಕ್ಕೆ ಸಾಕ್ಷಿ ಏನು, ಅದಕ್ಕೆ ವಿರುದ್ಧ ಸಾಕ್ಷಿ ಏನು, ಅವನೇ ಬರೆಯಬೇಕು. ಪತ್ರಿಕೆ ತಿರುವುತ್ತಾ ಅವನೇ ಕಂಡುಕೊಂಡ: ಸಿಕ್ಕ 6 ಅಂಕವೂ ಲೆಕ್ಕದ್ದು. ಮಾಡಿದ ಲೆಕ್ಕವೆಲ್ಲ ಸರಿ. ವಾಕ್ಯದಲ್ಲಿ ಬರೆಯಬೇಕಾದ ಪ್ರಶ್ನೆಗಳನ್ನು ಮುಟ್ಟಿಯೇ ಇರಲಿಲ್ಲ. “ಹಂಗಾದ್ರೆ ನಂಗೆ ಇಂಗ್ಲಿಷ್ ಕಷ್ಟ, ಅಷ್ಟೇ ಅಲ್ವಾ ಮೇಡಂ?” ದಡ್ಡತನಕ್ಕೆ ಮದ್ದಿಲ್ಲ ಅಂತ ಕೈಚೆಲ್ಲಿದ್ದವನಿಗೆ ಇದು ಮಾಡಬಹುದಾದ ಕೆಲಸ. ಪಾಠದ ಪದಗಳಿಗೆ ಕನ್ನಡ ಅರ್ಥದ ಪುಸ್ತಕ ಶುರುವಾಯಿತು. ಮೊದಲ ವಾರ ದಿನಕ್ಕೆ ಎರಡೇ ಕ್ಲಾಸು, ಊರಿನ ಗೆಳೆಯನ ಜೊತೆ.

ತಂಗಿಗೆ ಹೊಡೆದದ್ದಕ್ಕೆ ರಿಯಾಯಿತಿ ಕೊಡಲಿಲ್ಲ. ಕ್ಷಮೆ ಕೇಳಿದ.

ಅಪ್ಪನಿಗೆ ಹೇಳಿದ್ದು: “ಕಬ್ಬಿನ ದುಡ್ಡೆಲ್ಲ ನಿನಗೇ ಸುರಿದೆ” ಅನ್ನೋ ಮಾತು ನಿಲ್ಲಿಸಿ. ತಪ್ಪು ಮಾಡಿದಾಗ ಆ ತಪ್ಪನ್ನಷ್ಟೇ ಹೇಳಿ, ‘ಕೆಲಸಕ್ಕೆ ಬಾರದೋನು’ ಅನ್ನಬೇಡಿ. ಅವನು ತನಗೇ ಅದನ್ನು ದಿನವಿಡೀ ಹೇಳಿಕೊಳ್ಳುತ್ತಿದ್ದಾನೆ.

ಈಗ ಹುಡುಗ ಕಾಲೇಜಿಗೆ ಹೋಗುತ್ತಿದ್ದಾನೆ. ಫಿಸಿಕ್ಸ್ ದಿನ ಇನ್ನೂ ಹೊಟ್ಟೆ ತೊಳಸುತ್ತದಂತೆ. ಭೇಟಿ ಮುಂದುವರಿದಿದೆ.

ನಿಮ್ಮ ಮನೆಯ ಮಕ್ಕಳಲ್ಲಿ ನಿದ್ದೆ, ಊಟ ಎರಡು ವಾರ ಕೆಟ್ಟರೆ ಮನೋವೈದ್ಯರಿಗೆ ತೋರಿಸಿ. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಟೆಲಿ ಮನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.